ಒಂದು ಮೊಳದ ನೋಟ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಗುಡ್ಡೆಮಾವ ಅಂತಲೇ ಕರೆಯುವುದು. ಬೆಟ್ಟಗುಡ್ಡಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ. ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಆಸಾಮಿ. ಅವನು ಮಾಡುವುದು ಕಣ್ಣುಗುಡ್ಡೆ. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರು ಬರುತ್ತಾರೆ, ಉಳಿದ ಕಣ್ಣನ್ನು ನೋಡಿ ನೋಡಿ ಅದಕ್ಕೊಂದು ಜೋಡಿ ಮಾಡಿಕೊಡುತ್ತಾನೆ. ಜನ ಅದನ್ನು ಗಾಜಿನ ಕಣ್ಣು ಅನ್ನುತ್ತಾರೆ. ಅದು ಗಾಜಲ್ಲ, ಒಂದು ಜಾತಿಯ ಗಟ್ಟಿ ಪ್ಲಾಸ್ಟಿಕ್ಕು. ಗೋಲಿಯ ಹಾಗೆ ಗುಂಡಗೂ ಇರುವುದಿಲ್ಲ, ಚಿಪ್ಪಿನ ಹಾಗಿರುತ್ತದೆ. ಇದನ್ನು ಬಂದವರಿಗೆಲ್ಲ ವಿವರಿಸಿ ನನ್ನ ನಾಲಗೆ ಸವೆದುಹೋಗಿದೆ.

ನಾನು ಅವನ ಹತ್ತಿರ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಅಚ್ಚು ತೆಗೆಯುವುದು, ಉಜ್ಜಿ ಹೊಳಪು ಕೊಡುವುದು, ಬಿಳಿಯ ಮೇಲೆ ಕೂದಲಿಗಿಂತ ತೆಳುವಾದ ಕೆಂಪು ರೇಷ್ಮೆ ಎಳೆಗಳನ್ನು ಚಿಮುಟದಿಂದ ಕೂರಿಸಿ ರಕ್ತನಾಳ ಮಾಡುವುದು ನನ್ನ ಪಾಲಿನ ಕೆಲಸ. ಕಪ್ಪುಗುಡ್ಡೆ ಮತ್ತು ಅದರ ನಡುವಿನ ಪಾಪೆ ಬಿಡಿಸುವುದು ಮಾತ್ರ ಮಾವನೇ. ಅದಕ್ಕೊಂದು ಕ್ರಮ ಇದೆ. ಗಿರಾಕಿಯನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಾನೆ. ತಾನು ಎದುರಿಗೆ, ಸರಿಯಾಗಿ ಒಂದು ಮೊಳ ದೂರದಲ್ಲಿ ಮುಖ ಬರುವ ಹಾಗೆ ಕೂರುತ್ತಾನೆ. ಆಮೇಲೆ ಕುಂಚ ಎತ್ತಿಕೊಂಡು, "ಎಲ್ಲೂ ನೋಡ್ಬೇಡಿ, ನನ್ನ ಮೂಗು ನೋಡಿ" ಅನ್ನುತ್ತಾನೆ. ಮಾವನ ಮೂಗನ್ನು ನೋಡಲು ಇದುವರೆಗೆ ಯಾರಿಗೂ ಕಷ್ಟವಾಗಿಲ್ಲ. ಕೋಣೆಗೆ ಕಾಲಿಟ್ಟ ಕೂಡಲೇ ಮೊದಲು ಕಾಣುವುದು ಅದೇ.

ಅತ್ತೆಯೂ ಹೀಗೆ ಗಿರಾಕಿಯಾಗಿ ಬಂದವರೇ. ಒಂಬತ್ತನೇ ವಯಸ್ಸಿನಲ್ಲಿ ಅವರ ಎಡಗಣ್ಣು ಹೋಗಿತ್ತು. ಇಪ್ಪತ್ತೆರಡಕ್ಕೆ ಹೊಸ ಕಣ್ಣು ಮಾಡಿಸಲು ಬಂದು, ಮಾವನ ಮೂಗನ್ನು ನೋಡುತ್ತ ಕೂತು, ಕೊನೆಗೆ ಮದುವೆಯನ್ನೇ ಆದರು. ನಾನು ಮಾವನನ್ನು ಏಕವಚನದಲ್ಲಿ, ಅತ್ತೆಯನ್ನು ಬಹುವಚನದಲ್ಲಿ ಮಾತಾಡಿಸುತ್ತೇನೆ. "ಒಂದು ಕಣ್ಣಿರೋಳಿಗೆ ಬಹುವಚನ, ಎರಡು ಕಣ್ಣಿರೋ ನನಗೆ ಏಕವಚನ. ಇದು ಯಾವ ವ್ಯಾಕರಣ ಕಣೇ?" ಅಂತ ಮಾವ ರೇಗಿಸುತ್ತಾನೆ. ಅತ್ತೆ ನಗುತ್ತಾರೆ. ಅವರು ನಕ್ಕಾಗ ಎರಡು ಕಣ್ಣಲ್ಲಿ ಯಾವುದು ಮಾಡಿದ್ದು ಅಂತ ನನಗೇ ಮರೆತುಹೋಗುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ, ಲಾಂಡ್ರಿಗೂ ಟೈರ್ ಅಂಗಡಿಗೂ ನಡುವೆ, ದೇವಿಯ ಗುಡಿ ಇದೆ. ಮೊದಲು ಅದು ಗೋದಾಮಾಗಿತ್ತು. ಮುಂದೊಂದು ಹಾಲ್, ಹಿಂದೊಂದು ಸಣ್ಣ ಕೋಣೆ; ಆ ಕೋಣೆಯೇ ಗರ್ಭಗುಡಿ. ಭಕ್ತರು ನಿಲ್ಲುವುದು ಹಿತ್ತಾಳೆ ಕಂಬಿಯ ಈಚೆ. ಕಂಬಿಯಿಂದ ದೇವಿಗೆ ಹತ್ತು ಹನ್ನೆರಡು ಅಡಿ, ಅದರೊಳಗೆ ಅರ್ಚಕರನ್ನು ಬಿಟ್ಟು ಬೇರೆಯವರು ಹೋಗುವಂತಿಲ್ಲ. ಆ ಅರ್ಚಕರಿಗೆ ನಾನಿಟ್ಟ ಹೆಸರು ಎಕ್ಸ್‌ಪ್ರೆಸ್. ಪಕ್ಕದ ಲಾಂಡ್ರಿಯ ಯಂತ್ರ ಬಟ್ಟೆ ಹಿಂಡಲು ಶುರು ಮಾಡಿದಾಗ ಇವರು ಸಹಸ್ರನಾಮ ಹಿಡಿದರೆ, ಯಂತ್ರ ನಿಲ್ಲುವ ಮುಂಚೆ ಸಾವಿರ ಹೆಸರೂ ಮುಗಿದಿರುತ್ತದೆ. ನಡುವೆ ಯಾವ ನಿಲ್ದಾಣದಲ್ಲೂ ನಿಲುಗಡೆ ಇಲ್ಲ.

ಒಂದು ದಿನ ಅಭಿಷೇಕದ ನೀರಿನ ಜೊತೆ ದೇವಿಯ ಎಡದ ಬೆಳ್ಳಿ ಕಣ್ಣು ಕಳಚಿ ಮೋರಿಯಲ್ಲಿ ಹೋಯಿತು. ಹುಡುಕಿದರು, ಸಿಗಲಿಲ್ಲ. ಅರ್ಚಕರು ಆ ಜಾಗಕ್ಕೆ ಗಂಧ ಮೆತ್ತಿ ಅಂದಿನ ಪೂಜೆ ಮುಗಿಸಿದರು. ಗುಡಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರು ಹೊಸ ಬೆಳ್ಳಿ ಕಣ್ಣು ತರಿಸೋಣ ಅಂದರು. ಅದೇ ವಾರ ಅತ್ತೆಯ ಬಲಗಣ್ಣಿಗೂ ಡಾಕ್ಟರು ಷರಾ ಬರೆದಿದ್ದರು. ಕಣ್ಣಿನ ನರ ಒಣಗುತ್ತಾ ಬಂದಿದೆ, ಔಷಧಿ ಇಲ್ಲ. ದೂರದ್ದೆಲ್ಲ ಈಗಾಗಲೇ ಮಂಜು. ಒಂದು ಮೊಳದೊಳಗಿನದು ಇನ್ನು ಎರಡು ತಿಂಗಳೋ ಮೂರೋ ಕಾಣಬಹುದು, ಆಮೇಲೆ ಅದೂ ಇಲ್ಲ.

ಆ ಸಂಜೆ ಅತ್ತೆ ಕೆಲಸದ ಕೋಣೆಗೆ ಬಂದು ಮಾವನ ಎದುರಿನ ಕುರ್ಚಿಯಲ್ಲಿ ಕೂತರು.

"ಏನೂಂದ್ರೆ, ದೇವಿಗೆ ಕಣ್ಣು ನಾನು ಕೊಡ್ತೀನಿ. ನೀವು ಮಾಡಿಕೊಡಿ."

ಮಾವ ತಲೆ ಎತ್ತದೆ, "ಎಡದ್ದೋ, ಬಲದ್ದೋ?" ಅಂದ.

"ಎರಡೂ."

"ಎರಡೂನಾ?" ಮಾವ ಈಗ ತಲೆ ಎತ್ತಿದ. "ಹಾಗಾದ್ರೆ ಯಾವುದನ್ನ ನೋಡ್ಕೊಂಡು ಮಾಡ್ಲಿ?"

ನಾನು ಜೋರಾಗಿ ನಕ್ಕುಬಿಟ್ಟೆ. ಆದರೆ ಅವನು ತಮಾಷೆ ಮಾಡಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಮಾಡಿದ ನೂರಾರು ಕಣ್ಣುಗಳಲ್ಲಿ ಜೋಡಿ ಅನ್ನುವುದೇ ಇರಲಿಲ್ಲ. ಅವನ ಕಸುಬಿನಲ್ಲಿ ಒಂದು ಕಣ್ಣು ಯಾವಾಗಲೂ ದೇವರು ಮಾಡಿದ್ದು.

ಅತ್ತೆ ಒಳಗೆ ಹೋದ ಮೇಲೆ ಮಾವ ನನ್ನ ಕಡೆ ತಿರುಗಿದ. "ಗೊತ್ತಾಯ್ತೇನೇ? ನಿಮ್ಮತ್ತೆ ಆಯಮ್ಮನ ಹತ್ರ ವ್ಯಾಪಾರಕ್ಕೆ ಹೊರಟಿದ್ದಾಳೆ. ಎರಡು ಕೊಟ್ಟು ಒಂದು ಉಳಿಸ್ಕೊಳ್ಳೋ ವ್ಯಾಪಾರ."

"ಉಳಿದ್ರೆ ಒಳ್ಳೇದೇ ಅಲ್ವಾ ಮಾವ?"

"ಉಳಿಯಲ್ಲ. ಡಾಕ್ಟ್ರು ನನಗೆ ಬಿಡಿಸಿ ಹೇಳಿದ್ದಾರೆ. ಕಣ್ಣು ಹೋದ ದಿನ ಇವಳ ನಂಬಿಕೆನೂ ಹೋಗುತ್ತೆ. ಆಮೇಲೆ ಅವಳ ಹತ್ರ ಏನುಳಿಯುತ್ತೆ ಹೇಳು?"

 ಮಾವನಿಗೆ ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ, ಆದರೆ ಅತ್ತೆಯ ನಂಬಿಕೆಯ ಮೇಲೆ ಅವನಿಗೆ ವಿಪರೀತ ಆಸೆ. ನನಗೆ ಇವೆರಡಕ್ಕಿಂತ ಹೆಚ್ಚಾಗಿ ಕುತೂಹಲ. ಚಿಕ್ಕಂದಿನಿಂದ ಎಲ್ಲರೂ ನನ್ನನ್ನು ಅಧಿಕಪ್ರಸಂಗಿ ಅನ್ನುತ್ತಾರೆ. ಅಂಥವಳು ಸುಮ್ಮನಿರಲು ಸಾಧ್ಯವೇ? ಮರುದಿನವೇ ಅತ್ತೆಯ ಬೆನ್ನು ಬಿದ್ದೆ.

"ಅತ್ತೆ, ಕಣ್ಣು ಕೊಟ್ಟು ದೇವಿ ಹತ್ರ ಏನು ಕೇಳ್ಕೋತೀರಿ?"

"ಪುಣ್ಯದ ಕೆಲಸ ಕಣೇ. ಕೊಡೋವಾಗಲೇ ಕೈ ಚಾಚಬಾರದು."

"ದೇವರಿಗೆ ಕಣ್ಣು ಮಾಡಿಸಿದವರಿಗೆ ಏಳು ಜನ್ಮ ದೃಷ್ಟಿ ಹೋಗಲ್ಲ ಅಂತ ಅರ್ಚಕರು ಹೇಳ್ತಿದ್ರು."

"ಮುಂದಿನ ಏಳು ಜನ್ಮ ಯಾರು ಕಂಡಿದ್ದಾರೆ? ಆ ಬೆಳ್ಳಿ ಕಣ್ಣಿಗೆ ಪಾಪೆನೇ ಇರ್ಲಿಲ್ಲ, ನೋಡಿದ್ಯಾ? ಹೊಳೀತಿತ್ತು ಅಷ್ಟೆ, ನೋಡ್ತಿರ್ಲಿಲ್ಲ. ನನ್ನ ಕಣ್ಣು ಆರೋದ್ರೊಳಗೆ ಅವಳು ಕಣ್ಣು ಬಿಟ್ಟಿದ್ದು ನೋಡ್ಬೇಕು. ಒಂದೇ ಒಂದು ಸಲ ಅವಳು ನನ್ನನ್ನ ನೋಡ್ಬೇಕು, ನಾನು ಅವಳನ್ನ ನೋಡ್ಬೇಕು. ಕೇಳೋದು ಬಿಡೋದು ಆಮೇಲೆ."

ಅಲ್ಲಿಗೆ ಮಾತು ಮುಗಿಸಿ ಎದ್ದರು. ಆಮೇಲೆ ಏನು ಕೇಳುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಹುಳುವಾಗಿ ಕೂತಿತು.

ಕೆಲಸ ಶುರುವಾಯಿತು. ಎದುರಿಗೆ ಜೀವಂತ ಕಣ್ಣಿಲ್ಲದೆ ಮಾವನಿಗೆ ಕೈ ಓಡುವುದಿಲ್ಲ. "ನೋಡ್ದೆ ಬಿಡಿಸಿದ್ದು ಕಣ್ಣಲ್ಲ, ಅಂಗಿ ಗುಂಡಿ" ಅಂತ ಗೊಣಗಿಕೊಂಡು ಎರಡು ದಿನ ಕಳೆದ. ಮೂರನೇ ದಿನ ಅತ್ತೆಯನ್ನೇ ಕರೆದು ಕುರ್ಚಿಯಲ್ಲಿ ಕೂರಿಸಿದ.

"ಅಯ್ಯೋ, ನನ್ನ ಕಣ್ಣು ನೋಡ್ಕೊಂಡು ದೇವಿ ಕಣ್ಣು ಬಿಡಿಸ್ತೀರಾ? ಪಾಪ ಬರುತ್ತೆ ರೀ!"

"ಪಾಪ ನನ್ನ ತಲೆ ಮೇಲಿರ್ಲಿ, ಪುಣ್ಯ ನೀನಿಟ್ಕೋ. ಮೂಗು ನೋಡು."

ಅತ್ತೆ ಮೂಗು ನೋಡಿದರು. ಒಂದು ಮೊಳ ದೂರ, ಅವರಿಗೆ ಇನ್ನೂ ಚೆನ್ನಾಗಿ ಕಾಣುತ್ತಿದ್ದುದು ಅಷ್ಟೇ ದೂರ. ದಿನಾ ಬೆಳಿಗ್ಗೆ ಒಂದು ಗಂಟೆಯಂತೆ ಹನ್ನೆರಡು ದಿನ ಕೂತರು. ಮಾವ ಅವರ ಬಲಗಣ್ಣನ್ನು ಇದ್ದದ್ದು ಇದ್ದ ಹಾಗೆ ಬಿಡಿಸಿದ. ಕಪ್ಪಿನೊಳಗಿನ ಜೇನುಬಣ್ಣದ ಗೆರೆಗಳು, ಕೆಳಗಿನ ಒಂದು ಚಿಕ್ಕ ಮಚ್ಚೆ, ಎಲ್ಲವೂ ಬಂತು. ಆಮೇಲೆ ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಎಡಗಣ್ಣು ಬಿಡಿಸಿದ. ಪಾಪೆ ಎಷ್ಟು ದೊಡ್ಡದಿರಬೇಕು ಅಂತ ತಿಳಿಯಲು ನನ್ನನ್ನು ಗುಡಿಗೆ ಅಟ್ಟಿದ. ಗರ್ಭಗುಡಿಯಲ್ಲಿ ಎರಡೇ ದೀಪ, ಮಬ್ಬು ಬೆಳಕು. ಮಬ್ಬಿನಲ್ಲಿ ಪಾಪೆ ಅಗಲವಾಗುತ್ತದೆ, ಹಾಗೇ ಮಾಡಿದ.

ಮುಗಿದ ದಿನ ಎರಡನ್ನೂ ಜೇಡಿಮಣ್ಣಿನ ಮುದ್ದೆಯಲ್ಲಿ ಕೂರಿಸಿ ಮೇಜಿನ ಮೇಲಿಟ್ಟ. ನಾನು ಎದುರು ಕೂತೆ. ಸುಳ್ಳು ಹೇಳುವುದಿಲ್ಲ, ನನ್ನ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಂಡಿತು. ಮಣ್ಣಿನ ಮುದ್ದೆ ನನ್ನನ್ನೇ ನೋಡುತ್ತಿತ್ತು, ಮನೆಗೆ ಬಂದವರು ಚೆನ್ನಾಗಿದ್ದೀಯಾ ಅಂತ ಕೇಳುವ ಮುಂಚೆ ನೋಡುತ್ತಾರಲ್ಲ, ಹಾಗೆ. ಮಾವನೂ ಕೂತು ನೋಡಿದ. ಅತ್ತೆಗೆ ತೋರಿಸೋಣ ಅಂದರೆ, "ಬೇಡ, ಅವಳ ಮುಖದಲ್ಲೇ ನೋಡ್ತೀನಿ. ಪಾಪೆ ಇದ್ದ ಮೇಲೆ ಮಂಜಲ್ಲೂ ಕಂಡೇ ಕಾಣುತ್ತೆ" ಅಂದುಬಿಟ್ಟರು.

ಕಣ್ಣು ಕೂರಿಸುವ ದಿನ ಮಾವ ಸ್ನಾನ ಮಾಡಿ ಮಡಿಯುಟ್ಟು ಗರ್ಭಗುಡಿಗೆ ಹೋದ. ಅವನು ಹೋಗಬಹುದೇ ಅಂತ ಹೆಡ್‌ಮೇಷ್ಟ್ರು ಕೇಳಿದ್ದಕ್ಕೆ ಅರ್ಚಕರು, "ಕೆಲಸಕ್ಕೆ ಬಂದವರಿಗೆ ತಡೆ ಇಲ್ಲ, ವಿಗ್ರಹ ಕೆತ್ತಿದವನು ಮುಟ್ಟದೇ ಕೆತ್ತಿದ್ನಾ?" ಅಂದರು. ಬಲದ ಬೆಳ್ಳಿ ಕಣ್ಣು ಮುಟ್ಟಿದ ಕೂಡಲೇ ಉದುರಿ ಕೈಗೆ ಬಂತು. ಮಾವ ಮೇಣ ಕಾಯಿಸಿ ಕಲ್ಲಿನ ಗುಳಿಗೆ ತುಂಬಿ ಎರಡು ಚಿಪ್ಪನ್ನೂ ಒತ್ತಿ ಕೂರಿಸಿದ. ಒಂದು ಮೊಳ ಹಿಂದೆ ಸರಿದು ನಿಂತು ನೋಡಿದ. ಹೊರಗೆ ಬಂದಾಗ ಅವನ ಮುಖ ಊರಗಲ ಇತ್ತು.

ಪೂಜೆಯಾಗಿ ತೆರೆ ಸರಿಯಿತು. ಕಂಬಿಯ ಈಚೆ ಐವತ್ತು ಜನ ಕೈಮುಗಿದರು. ಮಂಗಳಾರತಿ ಮುಗಿಯಿತು. ಎಲ್ಲರ ಮುಂದೆ ನಿಂತಿದ್ದ ಹೆಡ್‌ಮೇಷ್ಟ್ರು ಎಡಕ್ಕೆ ಒಂದು ಹೆಜ್ಜೆ ಸರಿದರು. ಆಮೇಲೆ ಬಲಕ್ಕೆ ಎರಡು. ಆಮೇಲೆ ಕುತ್ತಿಗೆ ಉದ್ದ ಮಾಡಿದರು. ಹಾಜರಿ ಕೂಗುವಾಗ ಓಗೊಡದ ಮಕ್ಕಳನ್ನು ಹುಡುಕುವ ಹಾಗೆ ದೇವಿಯ ನೋಟವನ್ನು ಹುಡುಕಿದರು.

"ಇದೇನಿದು, ತಾಯಿ ನಮ್ಮನ್ನ ನೋಡ್ತಿಲ್ವಲ್ಲ?"

ಹಿಂದಿನಿಂದ ಯಾರೋ ಹೆಂಗಸು, "ಮೆಳ್ಳೆಗಣ್ಣು ಆಗಿದೆ" ಅಂದಳು. ಮೆಲ್ಲಗೇ ಅಂದಳು, ಆದರೆ ಗೋದಾಮಿನ ಗೋಡೆಗೆ ಅದೆಲ್ಲ ತಿಳಿಯುವುದಿಲ್ಲ, ಮಾತು ಇಡೀ ಹಾಲಿಗೆ ಕೇಳಿತು. ನಾನು ನೋಡಿದೆ. ಹೌದು, ಎರಡು ಕಣ್ಣೂ ಒಂದಿಷ್ಟು ಮೂಗಿನ ಕಡೆ ಜಗ್ಗಿದ್ದವು. ಮೇಜಿನ ಮೇಲೆ ಅಷ್ಟು ಆದರದಿಂದ ನೋಡಿದ್ದವಳು ಇಲ್ಲಿ ನಮ್ಮ ಯಾರ ಗೊಡವೆಯೂ ಇಲ್ಲದೆ ನಿಂತಿದ್ದಳು.

ಅತ್ತೆ ನನ್ನ ತೋಳು ಹಿಡಿದುಕೊಂಡರು. "ನನಗೇನೂ ಕಾಣ್ತಿಲ್ಲ ಕಣೇ, ಬರೀ ದೀಪದ ಮಂಜು. ಹೇಗಿದ್ದಾಳೆ?"

"ತುಂಬ ಚೆನ್ನಾಗಿದ್ದಾಳೆ ಅತ್ತೆ."

"ಎಲ್ಲಿ ನೋಡ್ತಿದ್ದಾಳೆ?"

ಮೂಗಿನ ಕಡೆ ಅಂತ ಹೇಗೆ ಹೇಳಲಿ? ಅತ್ತೆ ನನ್ನ ತೋಳು ಬಿಟ್ಟರು. ಮೂರು ವಾರ ಕಾದು ಕೊಟ್ಟ ಕಣ್ಣು ಅವರಿಗೂ ಕಾಣಲಿಲ್ಲ, ಅವರನ್ನೂ ಕಾಣಲಿಲ್ಲ. ಮನೆಗೆ ಬಂದು ಅವರು ಅಡುಗೆಮನೆ ಹಿಡಿದರು, ಮಾವ ಕೆಲಸದ ಕೋಣೆ ಹಿಡಿದ. ನನಗೆ ಇಬ್ಬರ ನಡುವೆ ಓಡಾಡಿ ಓಡಾಡಿ ತಲೆ ಕೆಟ್ಟುಹೋಯಿತು.

ಮಾರನೇ ಬೆಳಿಗ್ಗೆ ನಾನೊಬ್ಬಳೇ ಗುಡಿಗೆ ಹೋದೆ. ಅವಳು ನಮ್ಮನ್ನು ನೋಡುವುದಿಲ್ಲ ಅಂದಮೇಲೆ ಮತ್ತೆಲ್ಲೋ ನೋಡುತ್ತಿರಲೇಬೇಕು. ಕಣ್ಣು ಅಂದಮೇಲೆ ಎಲ್ಲಾದರೂ ನೋಡಲೇಬೇಕಲ್ಲ? ಕಂಬಿಯ ಈ ತುದಿಯಿಂದ ಆ ತುದಿಗೆ ನಿಂತು ನೋಡಿದೆ, ಕೂತು ನೋಡಿದೆ, ಚಪ್ಪಲಿ ಬಿಡುವ ಜಾಗದ ಸ್ಟೂಲ್ ಹತ್ತಿಯೂ ನೋಡಿದೆ. ಒಳಗೆ ಅರ್ಚಕರು ಸಹಸ್ರನಾಮ ಹೇಳುತ್ತಿದ್ದರು. ಪಕ್ಕದಲ್ಲಿ ಲಾಂಡ್ರಿಯ ಯಂತ್ರ ಗಿರ್ ಅಂತ ತಿರುಗಿ ನಿಂತಿತು. ಇನ್ನೊಮ್ಮೆ ತಿರುಗಿತು, ನಿಂತಿತು. ಮೂರನೇ ಸಲ ತಿರುಗತೊಡಗಿದಾಗ ನನಗೆ ಥಟ್ಟನೆ ಹೊಳೆಯಿತು. ಎಕ್ಸ್‌ಪ್ರೆಸ್ ಇನ್ನೂ ಅರ್ಧ ದಾರಿಯಲ್ಲೇ ಇದೆ! ಒಂದೊಂದು ಹೆಸರನ್ನೂ ಬಿಡಿಬಿಡಿಯಾಗಿ, ಉಚ್ಚಾರ ಒಡೆಯದ ಹಾಗೆ ಹೇಳುತ್ತಿದ್ದಾರೆ.

ಹೊರಗೆ ಬಂದಾಗ ಅವರು ಬೆವರಿದ್ದರು.

"ಏನು ಸ್ವಾಮಿ, ಇವತ್ತು ಪ್ಯಾಸೆಂಜರ್ ಗಾಡಿ?"

ಬೇರೆ ದಿನವಾಗಿದ್ದರೆ ಗದರುತ್ತಿದ್ದರು. ಅವತ್ತು ಹಾಲಿನಲ್ಲಿ ಯಾರಾದರೂ ಇದ್ದಾರೆಯೇ ಅಂತ ನೋಡಿ ನನ್ನ ಹತ್ತಿರ ಬಂದರು. "ಯಾರ ಹತ್ರಾನೂ ಹೇಳ್ಬೇಡಮ್ಮ. ಅವಳು ನೋಡ್ತಿರೋದು ನನ್ನನ್ನ."

"ನಿಮ್ಮನ್ನಾ?"

"ಹೂ ಹಾಕೋವಾಗ, ಆರತಿ ಎತ್ತೋವಾಗ, ನೆಟ್ಟಗೆ ನನ್ನ ಮುಖವನ್ನೇ. ಇಷ್ಟು ವರ್ಷ ಪೂಜೆ ಮಾಡಿದ್ದೀನಿ, ಒಂದು ದಿನ ಹೀಗೆ ನೋಡಿರ್ಲಿಲ್ಲ. ನಿನ್ನೆ ಅಭ್ಯಾಸಬಲದಿಂದ ಇಪ್ಪತ್ತು ನಾಮ ಹಾರಿಸಿದೆ. ಕಣ್ಣೆತ್ತಿದೆ ನೋಡು, ಸಿಕ್ಕಿಬಿದ್ದೆ! ಮತ್ತೆ ಮೊದಲಿಂದ ಹೇಳ್ದೆ."

ನಗು ತಡೆದುಕೊಂಡು ಮನೆಗೆ ಓಡಿದೆ. ಹೇಳಬೇಡ ಅಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಮಾವನಿಗೆ ಹೇಳಿದೆ. ಅವನು ಕೇಳಿ ಕೇಳಿ ಕೊನೆಗೆ ತನ್ನ ಮೂಗನ್ನು ಮುಷ್ಟಿಯಿಂದ ಗುದ್ದಿಕೊಂಡ.

"ಮೂಗು! ಈ ದರಿದ್ರ ಮೂಗು! ಅವಳನ್ನ ಕೂರಿಸ್ಕೊಂಡು ಮೂಗು ನೋಡು ಅಂದೆನಲ್ಲ. ಮೊಳ ದೂರದ ಮೂಗು ನೋಡೋ ಕಣ್ಣು ಒಳಗೆ ಜಗ್ಗಿರುತ್ತೆ. ಅದನ್ನ ಹಾಗೇ ಬಿಡಿಸಿ, ತಿರುವಿ ಇನ್ನೊಂದೂ ಹಾಗೇ ಬಿಡಿಸ್ದೆ."

"ಇಷ್ಟು ವರ್ಷ ಗೊತ್ತಾಗ್ಲಿಲ್ವಾ ಮಾವ?"

"ಇಷ್ಟು ವರ್ಷ ಮಾಡಿದ್ದು ಒಂದೊಂದೇ ಕಣೇ. ಅದು ಎಲ್ಲಿ ನೋಡುತ್ತೆ ಅನ್ನೋ ಚಿಂತೆ ನನಗೆ ಯಾಕೆ? ಪಕ್ಕದ್ದು ನೋಡಿದ ಕಡೆ ನೋಡಿದ ಹಾಗೆ ಕಾಣುತ್ತೆ. ಮೇಜಿನ ಮೇಲಿಟ್ಟು ನೋಡಿದ್ದೂ ಮೊಳ ದೂರದಿಂದ, ಕೂರಿಸಿ ನೋಡಿದ್ದೂ ಮೊಳ ದೂರದಿಂದ."

ಬಾಗಿಲಲ್ಲಿ ಅತ್ತೆ ನಿಂತಿದ್ದನ್ನು ನಾವಿಬ್ಬರೂ ಗಮನಿಸಿರಲಿಲ್ಲ. "ಹಾಗಾದ್ರೆ ಮೊಳ ದೂರದಿಂದ ನೋಡ್ತಾಳೆ ಅನ್ನಿ" ಅಂದರು. ಅವರ ಮುಖ ಅರಳಿತ್ತು. ಆಮೇಲೆ ಅದು ಹಾಗೇ ಬಾಡಿತು. ಮೊಳ ದೂರ ಇರುವುದು ಗರ್ಭಗುಡಿಯೊಳಗೆ ಅನ್ನುವುದು ಅವರಿಗೂ ನೆನಪಾಗಿರಬೇಕು.

ಮಾವ ಅರ್ಚಕರ ಹತ್ತಿರ ಹೋಗಿ ಅತ್ತೆಯನ್ನು ಒಂದೇ ಒಂದು ಸಲ ಒಳಗೆ ಬಿಡಿ ಅಂತ ಕೇಳಿದ. ಜನ್ಮದಲ್ಲಿ ದೇವರನ್ನೇ ಏನೂ ಕೇಳದವನು ಅರ್ಚಕರ ಮುಂದೆ ಕೈಮುಗಿದ. ಅವರು ಬಹಳ ಸಂಕಟಪಟ್ಟುಕೊಂಡು, ನಿಯಮ ತಾವು ಮಾಡಿದ್ದಲ್ಲ, ಒಬ್ಬರನ್ನು ಬಿಟ್ಟರೆ ಐವತ್ತು ಜನ ನಿಲ್ಲುತ್ತಾರೆ ಅಂದರು. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸುಮ್ಮನೆ ಹೇಳ್ಲಿಲ್ಲ" ಅಂತ ಮಾವ ಹಲ್ಲು ಕಡಿಯುತ್ತ ವಾಪಸ್ಸು ಬಂದ. ಹೊಸ ಜೋಡಿ ಮಾಡುತ್ತೇನೆ, ಮೂರು ವಾರ ಕೊಡಿ ಅಂತ ಹೆಡ್‌ಮೇಷ್ಟ್ರನ್ನು ಕೇಳಿದ. ಅವರು ಒಪ್ಪಲಿಲ್ಲ.

"ಇದು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನೋ ಹಾಗಾಯ್ತು. ಅರ್ಚಕರಿಗೆ ಕೃಪಾದೃಷ್ಟಿ, ನಮಗೆ ಮೆಳ್ಳೆಗಣ್ಣು! ಜನ ಆಡ್ಕೋತಿದ್ದಾರೆ. ಬೆಳ್ಳಿ ಜೋಡಿ ಬಂದಿದೆ, ಶುಕ್ರವಾರ ಇದನ್ನ ತೆಗೆದು ಅದನ್ನ ಕೂರಿಸೋದು."

ಅರ್ಚಕರ ಗುಟ್ಟು ಅವರವರೆಗೆ ಹೇಗೆ ಹೋಯಿತು ಅಂತ ನನ್ನನ್ನು ಕೇಳಬೇಡಿ. ಶುಕ್ರವಾರಕ್ಕೆ ಮೂರು ದಿನ ಉಳಿದಿತ್ತು. ಅತ್ತೆ ಆ ಮೂರು ದಿನವೂ ಗುಡಿಗೆ ಹೋಗಿ ಕಂಬಿಯ ಈಚೆ ಮಂಜನ್ನು ನೋಡುತ್ತ ನಿಂತು ಬಂದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಲ್ ತುಂಬಿತ್ತು. ಬೆಳ್ಳಿ ಕಣ್ಣು ತಟ್ಟೆಯಲ್ಲಿ ಹೊಳೆಯುತ್ತಿತ್ತು. ಹೆಡ್‌ಮೇಷ್ಟ್ರು ಮಾವನ ಕಡೆ ನೋಡಿ ಹ್ಞೂಂ, ಒಳಗೆ ನಡೀರಿ ಅಂತ ಸನ್ನೆ ಮಾಡಿದರು. ಮಾವ ಕಂಬಿ ಹಿಡಿದುಕೊಂಡು ಅಲ್ಲಾಡದೆ ನಿಂತ.

"ನಾನು ಕಣ್ಣು ಹಾಕೋನು. ಕೀಳೋನಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಅರ್ಚಕರೇ, ಹಾಗಾದ್ರೆ ನೀವೇ ತೆಗೀರಿ."

"ನನಗೆ ಬರಲ್ಲ" ಅಂದರು ಅರ್ಚಕರು. "ಏನಾದ್ರೂ ಹೆಚ್ಚುಕಮ್ಮಿ ಆಗಿ ಕಲ್ಲಿಗೆ ಪೆಟ್ಟಾದ್ರೆ? ಕಣ್ಣು ತೆಗೆದು ಹಾಕೋದು ಗೊತ್ತಿರೋರು ಬೇಕು." ಅವರ ದೃಷ್ಟಿ ಜನರ ಮೇಲೆ ನಿಧಾನವಾಗಿ ಹಾದು ಅತ್ತೆಯ ಮೇಲೆ ನಿಂತಿತು. "ಅಮ್ಮಾ, ನಿಮಗೆ ಗೊತ್ತಲ್ವಾ?"

ಅತ್ತೆ ತಬ್ಬಿಬ್ಬಾದರು. "ನನ್ನದನ್ನ ದಿನಾ ತೆಗೆದು ತೊಳೆದು ಹಾಕ್ಕೋತೀನಿ. ಒಂಬತ್ತನೇ ವಯಸ್ಸಿಂದ."

"ಮತ್ತೇನು? ಬನ್ನಿ ಒಳಗೆ."

ಹೆಡ್‌ಮೇಷ್ಟ್ರು, "ಅದು ಹೇಗಾಗುತ್ತೆ, ನಿಯಮ..." ಅಂತ ಬಾಯಿ ತೆಗೆದರು. ಅರ್ಚಕರು ಅಕ್ಷರ ಅಕ್ಷರ ಬಿಡಿಸಿ, "ಕೆಲಸಕ್ಕೆ ಬಂದವರಿಗೆ ತಡೆ ಇಲ್ಲ ಅಂತ ಆವತ್ತೇ ಹೇಳಿದ್ದೀನಿ. ತೆಗೀಬೇಕು ಅಂದೋರು ನೀವೇ" ಅಂದರು. ಹೆಡ್‌ಮೇಷ್ಟ್ರು ದಾರಿ ಬಿಟ್ಟರು.

ಅತ್ತೆ ಗೋಡೆ ಸವರಿಕೊಂಡು ಒಳಗೆ ಹೋದರು. ನನಗೆ ಅವರ ಬೆನ್ನು ಕಾಣುತ್ತಿತ್ತು. ಅರ್ಚಕರು ಒಂದು ದೀಪವನ್ನು ಎತ್ತಿ ಹಿಡಿದರು. ಅತ್ತೆ ಒಂದೊಂದೇ ಹೆಜ್ಜೆ ಮುಂದಿಟ್ಟು ಒಂದು ಕಡೆ ನಿಂತರು. ಇನ್ನೂ ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಅವರ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಕಾಣುತ್ತಿದೆ ಅಂತ ನನಗೆ ಗೊತ್ತಾಯಿತು. ಅವರದೇ ಕಣ್ಣು, ಅದೇ ಜೇನುಬಣ್ಣ, ಒಂಬತ್ತನೇ ವಯಸ್ಸಿನ ನಂತರ ಕನ್ನಡಿಯಲ್ಲಿ ಎಂದೂ ಕಾಣದ ಎರಡೂ ಕಣ್ಣು ಅವರನ್ನೇ ನೋಡುತ್ತಿದ್ದವು. ಪಕ್ಕದಲ್ಲಿ ಮಾವ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅದು ಕಿರುಗುಟ್ಟಿತು.

ಎಷ್ಟೋ ಹೊತ್ತು ಹಾಗೇ ನಿಂತರು.  ನಡುವೆ ಅತ್ತೆ ತಲೆ ಸ್ವಲ್ಪ ಓರೆ ಮಾಡಿ ಏನೋ ಅಂದರು. ದೇವಿಗೆ ಅಂದರು, ನಮಗೆ ಕೇಳಿಸಲಿಲ್ಲ. ಈಗ ಕೇಳಿಕೊಂಡರು, ಅಂದುಕೊಂಡೆ.  ದೇವಿಯ ಮೇಲೆ ನನಗೆ ಅಂಥ ಭಕ್ತಿಯೇನೂ ಇರಲಿಲ್ಲ, ಆದರೂ ಕೊಡು, ಕೊಟ್ಟುಬಿಡು, ನಿನ್ನ ಗಂಟೇನು ಹೋಗುತ್ತೆ ಅಂತ ಮನಸ್ಸಿನಲ್ಲೇ ಜಗಳಕ್ಕೆ ನಿಂತೆ.

ಅತ್ತೆ ಕೈ ಎತ್ತಿದರು. ಹೆಬ್ಬೆರಳನ್ನು ದೀಪದ ಹತ್ತಿರ ಹಿಡಿದು ಬೆಚ್ಚಗೆ ಮಾಡಿಕೊಂಡು ದೇವಿಯ ಎಡಗಣ್ಣಿನ ಹೊರ ಅಂಚಿಗೆ, ಕಿವಿಯ ಕಡೆ ಇಟ್ಟರು. ಒತ್ತಿದರು. ಮತ್ತೆ ಬೆಚ್ಚಗೆ ಮಾಡಿಕೊಂಡು ಬಲಗಣ್ಣಿಗೂ ಹಾಗೇ ಮಾಡಿದರು. ಮೇಣ ಸ್ವಲ್ಪ ಮೆದುವಾಗಿರಬೇಕು. ಸೆರಗಿನ ತುದಿಯಿಂದ ಎರಡನ್ನೂ ಒರೆಸಿ, ಪಕ್ಕಕ್ಕೆ ಸರಿದರು.

ದೇವಿ ನನ್ನನ್ನು ನೋಡಿದಳು.

ನನ್ನನ್ನೊಬ್ಬಳನ್ನೇ ಅಂದುಕೊಂಡೆ. ಅಷ್ಟರಲ್ಲಿ ಮುಂದೆ ನಿಂತಿದ್ದ ಹೆಡ್‌ಮೇಷ್ಟ್ರು "ಅಮ್ಮಾ!" ಅಂತ ಕೈ ಮೇಲೆತ್ತಿದರು. ಆ ಮೂಲೆಯಿಂದ ಯಾರೋ ಅತ್ತರು. ಮೆಳ್ಳೆಗಣ್ಣು ಅಂದಿದ್ದ ಹೆಂಗಸೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಬೆಳ್ಳಿ ಕಣ್ಣಿನ ತಟ್ಟೆಯನ್ನು ಯಾರೂ ಕೇಳಲಿಲ್ಲ.

ಅರ್ಚಕರು, "ತೆಗೀಲಿಲ್ವಲ್ಲಮ್ಮ?" ಅಂದರು.

"ತೆಗೆಯೋದು ಬೇಕಿಲ್ಲ ಸ್ವಾಮಿ. ಒಂಚೂರು ಒಳಗೆ ತಿರುಗಿತ್ತು, ಅಷ್ಟೆ. ನನ್ನದೂ ಬೆಳಿಗ್ಗೆ ಎದ್ದಾಗ ಹೀಗೇ ತಿರುಗಿರುತ್ತೆ. ಬೆರಳಲ್ಲಿ ಸರಿ ಮಾಡ್ಕೋತೀನಿ."

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ತಪ್ಪಾಗಿ ಬಿಡಿಸಿದ್ದನ್ನು ಮತ್ತೆ ಬಿಡಿಸಬೇಕು ಅಂತ ಮಾಡುವವನಿಗೆ ತೋಚಿತ್ತು. ತಿರುಗಿದ್ದನ್ನು ತಿರುಗಿಸಿದರಾಯಿತು ಅಂತ ತೋಚಲು ಹಾಕಿಕೊಂಡವರೇ ಬೇಕಾಯಿತು. ಅರ್ಚಕರು ಮಾತ್ರ ದೇವಿಯ ಎದುರು ತಮ್ಮ ಮಾಮೂಲಿ ಜಾಗದಲ್ಲಿ ನಿಂತು, ಇಣುಕಿ, "ಇನ್ನು ನನ್ನನ್ನ ನೋಡಲ್ವಾ?" ಅಂದರು. ನಿರಾಳವಾಯಿತೋ ನಷ್ಟವಾಯಿತೋ, ಅವರಿಗೇ ಗೊತ್ತಿರಲಿಲ್ಲ.

 ಮನೆಗೆ ನಡೆಯುತ್ತ ಮಾವ ತಡೆಯಲಾರದೆ ಸಿಡುಕಿದ. "ನಿನ್ನನ್ನೇ ನೋಡ್ತಿದ್ಲಲ್ಲ. ತಿರುಗಿಸಿದ್ಯಾಕೆ? ಮೇಣ ಗಟ್ಟಿಯಾಗಿದೆ, ಬರಲ್ಲ ಅಂದಿದ್ರೆ ಇನ್ನೂ ನಾಲ್ಕು ದಿನ ಅದೇ ಕೆಲಸದ ನೆಪದಲ್ಲಿ ಒಳಗೆ ಹೋಗಬಹುದಿತ್ತು. ಇನ್ಮೇಲೆ ಅವಳು ನಿನಗೆ ಕಾಣಲ್ಲ."

"ನನಗೆ ಕಂಡಾಯ್ತಲ್ಲ ರೀ. ಅಷ್ಟು ಜನ ಆಚೆ ಕಾಯ್ತಾ ನಿಂತಿದ್ರು."

ನನ್ನ ಹುಳು ಇನ್ನು ತಡೆಯುವ ಹಾಗಿರಲಿಲ್ಲ. "ಅತ್ತೆ, ಈಗಲಾದ್ರೂ ಹೇಳಿ. ಅಷ್ಟು ಹತ್ತಿರ ನಿಂತು ಏನು ಕೇಳಿದ್ರಿ?"

"ಒತ್ತುತ್ತಾ ಅಂತ ಕೇಳ್ದೆ."

"ಏನು?"

"ಹೊಸ ಕಣ್ಣು ಮೊದಲ ವಾರ ಒತ್ತುತ್ತೆ ಕಣೇ. ಉರಿಯುತ್ತೆ, ನೀರು ಬರುತ್ತೆ. ಯಾರ ಹತ್ರಾನೂ ಹೇಳೋಕಾಗಲ್ಲ, ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿರ್ತಾರೆ. ಅದಕ್ಕೇ ಕೇಳ್ದೆ."

"ಅಷ್ಟೇನಾ? ನಿಮ್ಮ ಕಣ್ಣಿನ ವಿಷ್ಯ?"

ಅತ್ತೆ ನನ್ನ ದನಿ ಬಂದ ಕಡೆ ತಿರುಗಿ, ಇವಳಿಗೆ ಯಾವಾಗ ಬುದ್ಧಿ ಬರುತ್ತೋ ಅನ್ನುವ ಹಾಗೆ ನಕ್ಕರು.

"ಎದುರಿಗಿರೋಳಿಗೆ ನೋಯ್ತಿದ್ಯೇನೋ ಅಂತ ಇದ್ದಾಗ, ನನ್ನದು ಹೇಳ್ಕೊಂಡು ಕೂರೋಕಾಗುತ್ತೇನೇ?"